ಗಾಳಿ ಹೋಯ್ತಾ, ಮುತ್ಯಾಲಮ್ಮ?

ಭುವನಾ ನನ್ನ ಚಿಕ್ಕಮ್ಮನ ಮಗಳು, ಹುಟ್ಟಾ ಪುಕ್ಕಲಿ. ಸೇಲಂನ ನಮ್ಮ ಬೀದಿಯಲ್ಲಿ ಆಗ ಮನೆಮನೆಗೂ ಕೈಮಗ್ಗ. ಮಗ್ಗದ ಸದ್ದಿನಲ್ಲಿ ಬೆಳೆದ ನಮ್ಮಂಥವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಮೆಲ್ಲಗೆ ಹೇಳಿದ್ದು ಕೇಳಿಸುವುದೂ ಇಲ್ಲ. ಇವಳೊಬ್ಬಳು ಮಾತ್ರ ಮೂಲೆಯಲ್ಲಿ ಕೂತು, ಯಾರಿಗೆ ಏನಾಗಿಬಿಡುತ್ತದೋ ಎಂದು ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಅಪ್ಪ ಸಂತೆಯಿಂದ ಬರುವುದು ತಡವಾದರೆ ಅವಳಿಗೆ ಹೊಟ್ಟೆನೋವು. ಪಕ್ಕದ ಮನೆಯ ಮಗು ಕೆಮ್ಮಿದರೆ ಅವಳಿಗೆ ನಿದ್ದೆಯಿಲ್ಲ. "ನೂಲು ಕಿತ್ತೋಗೋಕ್ ಮುಂಚೇನೇ ಗಂಟು ಆಕೋಳು ಇವ್ಳು" ಎಂದು ಚಿಕ್ಕಮ್ಮ ರೇಗಿಸುತ್ತಿದ್ದಳು.

ಇಂಥವಳು ನರ್ಸ್ ಆಗುತ್ತೇನೆ ಎಂದಾಗ ನಾವೆಲ್ಲ ನಕ್ಕಿದ್ದೆವು. ನಗಬಾರದಿತ್ತು. ಹೆದರುವವರೇ ರೋಗಿಯನ್ನು ಎರಡು ಸಲ ನೋಡುವುದು. ಧೈರ್ಯವಂತರು ಒಮ್ಮೆ ನೋಡಿ ಕಾಫಿಗೆ ಹೋಗುತ್ತಾರೆ. ಕೆಲವು ವರ್ಷ ಕೆಲಸ ಮಾಡಿ, ಮದ್ರಾಸಿಗೆ ಹೋಗಿ ನರ್ಸಿಂಗಿನಲ್ಲಿ ಎಂ.ಎಸ್ಸಿ. ಸೇರಿದಳು. ತೊಂಬತ್ತೇಳರಲ್ಲಿ ಸಂಶೋಧನೆ ಮಾಡಲೆಂದು ಧರ್ಮಪುರಿಯ ಒಂದು ಸಣ್ಣ ಮಿಷನ್ ಆಸ್ಪತ್ರೆಗೆ ಬಂದಳು.

ನರ್ಸಿಗೆಂಥ ಸಂಶೋಧನೆ ಎಂದು ನಮ್ಮ ಬೀದಿಯೇನು, ಆ ಆಸ್ಪತ್ರೆಯ ಡಾಕ್ಟರುಗಳೂ ಕೇಳಿದರು. ಅವಳ ವಿಷಯ ಸರಳವಾಗಿತ್ತು. ಹೊಟ್ಟೆಯ ಆಪರೇಷನ್ನಿಗೆ ಬರುವವರನ್ನು ಮೊದಲೇ ಕೂರಿಸಿಕೊಂಡು, ಆಮೇಲೆ ಉಸಿರು ಹೇಗೆ ಎಳೆಯಬೇಕು, ಕೆಮ್ಮು ಬಂದರೆ ದಿಂಬನ್ನು ಹೊಲಿಗೆಗೆ ಒತ್ತಿ ಹಿಡಿಯುವುದು ಹೇಗೆ, ಮಗ್ಗುಲಾಗುವುದು ಹೇಗೆ, ಯಾವಾಗ ಎದ್ದು ನಡೆಯಬೇಕು ಎಂದು ಹೇಳಿಕೊಟ್ಟರೆ ನೋವು ಕಡಿಮೆಯಾಗುತ್ತದೆಯೇ? ಬೇಗ ಚೇತರಿಸಿಕೊಳ್ಳುತ್ತಾರೆಯೇ? ಕತ್ತರಿಸುವವರ ಕೈಚಳಕದ ಬಗ್ಗೆ ಪುಸ್ತಕಗಳು ರಾಶಿ ಬಿದ್ದಿವೆ. ಕತ್ತರಿಸಿಕೊಂಡವರು ಆಮೇಲೆ ಹೇಗೆ ಮಲಗುತ್ತಾರೆ ಎಂದು ಕೇಳಿದವರು ಕಡಿಮೆ.

ಆದರೆ ಸಂಶೋಧನೆಗೊಂದು ಕಟ್ಟುಪಾಡಿತ್ತು. ಅರ್ಧ ರೋಗಿಗಳಿಗೆ ಮಾತ್ರ ಹೇಳಿಕೊಡಬೇಕು. ಉಳಿದರ್ಧಕ್ಕೆ ಏನೂ ಹೇಳಿಕೊಡದೆ ಬರೀ ಹೇಗಿದ್ದೀರಿ ಎಂದು ಕೇಳಬೇಕು, ಕೊನೆಗೆ ಎರಡನ್ನೂ ಹೋಲಿಸಬೇಕು. ಕೇಳುವ ಪ್ರಶ್ನೆಯೂ ಎಲ್ಲರಿಗೂ ಒಂದೇ, ತಮಿಳಿನಲ್ಲಿ, ಒಂದಕ್ಷರ ಅತ್ತಿತ್ತ ಆಗುವಂತಿಲ್ಲ. ಮದ್ರಾಸಿನ ಗೈಡ್ ಮೇಡಂ ಹಾಗೆಂದು ಕಟ್ಟಪ್ಪಣೆ ಮಾಡಿದ್ದರು. ಹೇಳಿಕೊಡದ ಆ ಅರ್ಧದವರು ಹಾಸಿಗೆಯಲ್ಲಿ ನರಳುವಾಗ ಭುವನಾಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮುತ್ಯಾಲಮ್ಮ ಆ ಅರ್ಧಕ್ಕೆ ಸೇರಿದವಳು. ಮಾರಂಡಹಳ್ಳಿ ಪಕ್ಕದ ಹಳ್ಳಿಯ ರೈತಾಪಿ ಹೆಂಗಸು, ರಾಗಿ ಬೆಳೆದು ರಾಗಿಯನ್ನೇ ಉಂಡು ಗಟ್ಟಿಯಾದ ಮೈ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು, ತೆಗೆಸಲು ಬಂದಿದ್ದಳು. ಮಗಳು ರಾಜಾತಿ ಆಗಷ್ಟೇ ಹೆತ್ತು ಮನೆಯಲ್ಲಿ ಮಲಗಿದ್ದರಿಂದ ಜೊತೆಗೆ ಬಂದವನು ಅಳಿಯ ಜವರಪ್ಪ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಬಂದು ಮಂಚದ ಕಾಲ್ದೆಸೆಯಲ್ಲಿ ಸ್ಟೂಲು ಹಾಕಿಕೊಂಡು ಕೂತನೆಂದರೆ ಸಂಜೆ ವಾಚ್‌ಮನ್ ಎಬ್ಬಿಸುವವರೆಗೆ ಕದಲುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅತ್ತೆಯೂ ಅವನೊಂದಿಗೆ ನೇರ ಮಾತಾಡಿದ್ದನ್ನು ಯಾರೂ ಕಾಣರು. ಆಪರೇಷನ್ನಿನ ನೋವಿನಲ್ಲೂ ಸೆರಗು ತಲೆಯ ಮೇಲೆಯೇ ಇತ್ತು.

ತಮಿಳುನಾಡಿನ ಕನ್ನಡದವರಾದ ನಮ್ಮವರದೊಂದು ರೋಗವಿದೆ. ಬಸ್ಸು ಹತ್ತಿದರೆ, ಆಫೀಸಿಗೆ ಹೋದರೆ, ಆಸ್ಪತ್ರೆ ಮೆಟ್ಟಿಲು ತುಳಿದರೆ ಬಾಯಿ ತಾನಾಗಿ ತಮಿಳಿಗೆ ಹೊರಳುತ್ತದೆ. ಎದುರಿಗಿರುವವರು ಸ್ವಂತ ಅತ್ತಿಗೆಯಾಗಿದ್ದರೂ ಅಷ್ಟೆ. ಭುವನಾ ತಮಿಳಿನಲ್ಲಿ ಕೇಳಿದಳು, ಮುತ್ಯಾಲಮ್ಮ ತನಗೆ ಬಂದಷ್ಟು ತಮಿಳಿನಲ್ಲಿ ಉತ್ತರಿಸಿದಳು. ಇಬ್ಬರ ಮನೆಮಾತೂ ಕನ್ನಡ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಟ್ಟೆ ಕತ್ತರಿಸಿದಾಗ ಕರುಳು ಮಂಪರು ಬಡಿದು ಮಲಗಿಬಿಡುತ್ತದೆ. ಅದು ಎದ್ದು ಗಾಳಿ ಕೆಳಗೆ ಬಿಡುವವರೆಗೆ ಬಾಯಿಗೇನೂ ಕೊಡುವಂತಿಲ್ಲ. ಇದು ನರ್ಸುಗಳ ಬಾಲಪಾಠ. ಮಾರನೆಯ ಬೆಳಗ್ಗೆ ಭುವನಾ ಪ್ರಶ್ನೆ ಹಿಡಿದು ಹೋದಳು.

"ವಯಿರು ಎಪ್ಪಡಿ ಇರುಕ್ಕುಮ್ಮಾ?" ಹೊಟ್ಟೆ ಹೇಗಿದೆ ಎಂದು.

"ವಯಿರು ಗಾಳಿ ಸಿಸ್ಟರಮ್ಮಾ. ಒರೇ ಗಾಳಿ" ಎಂದಳು ಮುತ್ಯಾಲಮ್ಮ. ಬರೀ ಗಾಳಿ ತುಂಬಿದೆ ಎಂದು ಅವಳ ಅರ್ಥ. ತಮಿಳಿನಲ್ಲಿ ಗಾಳಿಗೆ ಬೇರೆಯೇ ಮಾತುಂಟು, ಆ ಗಳಿಗೆಯಲ್ಲಿ ಅದು ಅವಳ ನಾಲಿಗೆಗೆ ಬರಲಿಲ್ಲ. ಮನೆಯ ಮಾತನ್ನೇ ತಮಿಳಿನ ನಡುವೆ ಸೇರಿಸಿಬಿಟ್ಟಳು.

ಖಾಲಿ ಎನ್ನುವುದನ್ನು ನಮ್ಮ ಕಡೆಯ ತಮಿಳರು 'ಗಾಲಿ' ಎನ್ನುತ್ತಾರೆ. ತಮಿಳಿನಲ್ಲಿ ಕೇಳಿದ ಭುವನಾಳ ಕಿವಿ ತಮಿಳನ್ನೇ ಕೇಳಿಸಿಕೊಂಡಿತು. ಹೊಟ್ಟೆ ಖಾಲಿ, ಒಂದೇ ಸಮ ಖಾಲಿ. ಅಂದರೆ ಹಸಿವು. ಹಸಿವಾಗಿದೆ ಎಂದರೆ ಕರುಳು ಎದ್ದಿದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಡ್ಯೂಟಿಯಲ್ಲಿದ್ದ ಸಿಸ್ಟರ್ ಕಲೈವಾಣಿಯ ಬಳಿಗೆ ಓಡಿಯೇ ಹೋದಳು. ಕಲೈವಾಣಿ ಆಗತಾನೆ ಥಿಯೇಟರಿನಿಂದ ಬಂದ ಇನ್ನೊಬ್ಬ ರೋಗಿಯ ವಾಂತಿ ಹಿಡಿಯುತ್ತಿದ್ದಳು. "ವಯಿರು ಗಾಲಿ ಅನ್ನುತ್ತಿದ್ದಾರೆ ಸಿಸ್ಟರ್" ಎಂದಾಗ, ಎಂ.ಎಸ್ಸಿ. ಓದುವವಳು ನೋಡಿಯೇ ಹೇಳುತ್ತಿರಬೇಕು ಎಂದುಕೊಂಡು, "ಹಾಗಿದ್ದರೆ ಸ್ವಲ್ಪ ಗಂಜಿ ನೀರು ಕೊಡು" ಎಂದುಬಿಟ್ಟಳು. ಎರಡು ಸಲ ನೋಡುವ ಭುವನಾ ಆ ದಿನ ಒಮ್ಮೆಯೂ ಹೊಟ್ಟೆ ಮುಟ್ಟಿ ನೋಡಲಿಲ್ಲ. ಗಂಜಿಯನ್ನು ತಾನೇ ಆರಿಸಿ, ತಾನೇ ಕುಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಮುತ್ಯಾಲಮ್ಮನ ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ಹಸಿರು ಹಸಿರಾಗಿ ವಾಂತಿ. ಒಂದೊಂದು ಸಲ ವಾಂತಿಯಾದಾಗಲೂ ಹೊಲಿಗೆಯ ಜಾಗ ಹಿಡಿದುಕೊಂಡು ಒದ್ದಾಡಿದಳು. ದಿಂಬು ಒತ್ತಿ ಹಿಡಿಯಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ. ಡಾಕ್ಟರ್ ವಿಶ್ವನಾಥನ್ ಓಡಿಬಂದು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು, ಡ್ರಿಪ್ ಹಾಕಿಸಿದರು. ಗಂಜಿ ಯಾರು ಕೊಟ್ಟದ್ದು ಎಂದು ಗುಡುಗಿದರು. ನಾಳೆ ಮಧ್ಯಾಹ್ನದೊಳಗೆ ಗಾಳಿ ಹೋಗದಿದ್ದರೆ ಮತ್ತೆ ಹೊಟ್ಟೆ ತೆರೆದು ನೋಡಲೇಬೇಕು, ಮೊದಲೇ ಹೃದಯ ಅಷ್ಟಕ್ಕಷ್ಟೆ, ಎರಡನೆಯ ಸಲ ಮಂಪರಿನ ಮದ್ದು ತಾಳುತ್ತಾಳೆಂದು ತಾನು ಹೇಳಲಾರೆ ಎಂದು ಹೇಳಿ ಹೋದರು.

ಭುವನಾ ಮಂಚದ ಸರಳು ಹಿಡಿದು ನಿಂತಿದ್ದಳು. ಆಗ ಮುತ್ಯಾಲಮ್ಮ ಕಣ್ಣು ಮುಚ್ಚಿಕೊಂಡೇ ನರಳಿದಳು. ನರಳುವಾಗ ಯಾರೂ ಪರಭಾಷೆ ಆಡುವುದಿಲ್ಲ.

"ಅಯ್ಯೋ ನಮ್ಮವ್ವಾ... ಒಟ್ಟೆ ತುಂಬಾ ಗಾಳಿ ಕಣವ್ವೋ... ಅಂಗೇ ಉಬ್ಬೋಯ್ತಾ ಐತೆ..."

ಗಾಳಿ! ಭುವನಾಗೆ ಈಗ ಹೊಳೆಯಿತು. ಬೆಳಗ್ಗೆ ಕೇಳಿದ್ದೂ ಇದೇ ಮಾತು. ತಾನು ಹುಟ್ಟಿದಾಗಿನಿಂದ ಕೇಳಿದ ಮಾತು, ಅಮ್ಮ ದಿನಾ "ಗಾಳಿ ಬೀಸ್ತೈತೆ, ಕಿಟಕಿ ಆಕೇ" ಎನ್ನುವ ಅದೇ ಮಾತು. ನೇರ ಡಾಕ್ಟರ ಕೋಣೆಗೆ ಹೋಗಿ, ಕಲೈವಾಣಿ ಸಿಸ್ಟರದಲ್ಲ, ತಪ್ಪು ನನ್ನದು, ಹೀಗೆ ಕೇಳಿಸಿತು ಎಂದು ತೊದಲುತ್ತ ಹೇಳಿದಳು. ವಿಶ್ವನಾಥನ್ ಪೆನ್ನು ಕೆಳಗಿಟ್ಟರು. "ಬೈಯುವುದಕ್ಕೆ ಆಮೇಲೆ ಸಮಯವಿದೆ. ಈಗ ಹೋಗಿ ಅವಳ ಹತ್ತಿರ ಇರು" ಎಂದರು. ಬೈದಿದ್ದರೇ ವಾಸಿಯಿತ್ತು, ಆ 'ಆಮೇಲೆ' ನನ್ನನ್ನು ಕೊಂದುಹಾಕಿತು ಎಂದು ಭುವನಾ ನನ್ನೊಡನೆ ಹೇಳಿದ್ದಾಳೆ.

ಮಾರನೆಯ ಬೆಳಗೂ ಗಾಳಿ ಹೋಗಲಿಲ್ಲ. ನಳಿಕೆಯಲ್ಲಿ ಹಸಿರು ನೀರು ಬರುತ್ತಲೇ ಇತ್ತು. ಜವರಪ್ಪ ಎಂದಿನಂತೆ ಬಂದು ಸ್ಟೂಲಿನ ಮೇಲೆ ಕೂತ. ಥಿಯೇಟರ್ ಸಿದ್ಧವಾಗುತ್ತಿರುವ ಸುದ್ದಿ ವಾರ್ಡಿಗೂ ಬಂತು. ಮೇಡಂ ಹಾಕಿದ್ದ ತಮಿಳಿನ ಕಟ್ಟಪ್ಪಣೆಯನ್ನು ಭುವನಾಗೆ ಇನ್ನು ಪಾಲಿಸಲಾಗಲಿಲ್ಲ. ಮುತ್ಯಾಲಮ್ಮನ ಕಿವಿಯ ಹತ್ತಿರ ಬಗ್ಗಿ, ಮನೆಯಲ್ಲಿ ಆಡುವ ಕನ್ನಡದಲ್ಲಿ ಕೇಳಿದಳು.

"ಅವ್ವಾ, ಗಾಳಿ ಓಯ್ತಾ?"

ಮುತ್ಯಾಲಮ್ಮ ಕಣ್ಣು ಬಿಟ್ಟಳು. "ನೀನು ನಮ್ಮ ಮಾತಾಡೋಳಾ?"

"ಆಮಾ ಅವ್ವಾ. ಸೇಲಂ, ಮಗ್ಗದೋರು."

"ಅಯ್ ನಿನ್ನ! ನಿನ್ ತಮಿಳು ಕೇಳಿ ಮದ್ರಾಸಿನೋಳು ಅಂದ್ಕಂಡಿದ್ನಲ್ಲಾ."

"ಅವ್ವಾ, ನಿನ್ನೆ ನೀನು ಗಾಳಿ ಅಂದಿದ್ದು ನಂಗೆ ಗಾಲಿ ಅಂತ ಕೇಳ್ತು. ಅಸಿವು ಅಂತ ಗಂಜಿ ಕೊಟ್ಬುಟ್ಟೆ. ನನ್ ತಪ್ಪು" ಎಂದಳು ಭುವನಾ.

ಮುತ್ಯಾಲಮ್ಮ ಅವಳತ್ತ ಕತ್ತು ಹೊರಳಿಸಿದಳು. "ಅಸಿವಿಗಾ ಕೊಟ್ಟೆ? ನಾನು ಗಾಳಿಗೆ ಮದ್ದು ಅಂತ ಕಣ್ಣು ಮುಚ್ಕಂಡು ಕುಡುದ್ನಲ್ಲಾ ತಾಯೀ!"

ನಗುವುದೋ ಅಳುವುದೋ ತಿಳಿಯದೆ ಭುವನಾ ಅವಳ ಕೈ ಹಿಡಿದಳು. "ಓಗ್ಲಿ, ಈಗ ಕೆಳೀಕೆ ಬತ್ತಾ ಐತಾ? ಕೊಂಜವಾದ್ರೂ, ಚೂರಾದ್ರೂ?"

ಮುತ್ಯಾಲಮ್ಮ ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಕಾಲ್ದೆಸೆಯತ್ತ ಕಣ್ಣು ತಿರುಗಿಸಿ, ಬರೀ ತುಟಿ ಅಲ್ಲಾಡಿಸುತ್ತ ಹೇಳಿದಳು:

"ಬೆಳಗ್ಗಿಂದ ಬತ್ತಾ ಐತೆ ಕಣವ್ವಾ. ತಡ್ಕಂಡಿವ್ನಿ."

"ತಡ್ಕಂಡಿದ್ದೀಯಾ? ಯಾಕೆ!"

"ಅಳಿಯಂದ್ರು ಎದ್ರಿಗೇ ಕುಂತವ್ರೆ."

ಬಾಗಿಲಾಚೆ ಥಿಯೇಟರಿನ ಟ್ರಾಲಿ ತಳ್ಳಿಕೊಂಡು ಬರುವ ಸದ್ದು ಕೇಳಿಸುತ್ತಿತ್ತು. ಒಂದು ಜೀವ ಅಳಿಯನ ಮರ್ಯಾದೆಗೆ ಸಿಕ್ಕಿಕೊಂಡು ಹೋಗುವುದರಲ್ಲಿತ್ತು. ಮದ್ರಾಸಿನ ಯಾವ ಪುಸ್ತಕದಲ್ಲೂ ಇದನ್ನು ಕೇಳುವ ಪ್ರಶ್ನೆ ಇರಲಿಲ್ಲ.

"ಅಣ್ಣಾ, ಸ್ವಲ್ಪ ಆಚೆ ಇರಿ" ಎಂದಳು ಜವರಪ್ಪನಿಗೆ.

"ಆಗಕ್ಕಿಲ್ಲ ಸಿಸ್ಟರಮ್ಮಾ. ನಮ್ಮವ್ವನ್ನ ಬುಟ್ಟು ಕದಲಬ್ಯಾಡ ಅಂತ ನಮ್ಮೋಳು ಆಣೆ ಇಕ್ಕವ್ಳೆ" ಎಂದು ಅವನು ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ.

"ಮಾತ್ರೆ ತರ್ಬೇಕು ಅಣ್ಣಾ."

"ಚೀಟಿ ಕೊಡಿ, ವಾಚ್‌ಮನ್ ಕೈಲಿ ತರುಸ್ತೀನಿ."

ಆಗ ನಮ್ಮ ಪುಕ್ಕಲಿ ಭುವನಾ ಹುಟ್ಟಿದ ಮೇಲೆ ಮೊದಲ ಬಾರಿಗೆ ಕಿರುಚಿದಳು. ಮಗ್ಗದ ಸದ್ದನ್ನು ಮೀರಿಸುವ ನಮ್ಮ ಬೀದಿಯ ದನಿ ಅವಳಲ್ಲೂ ಎಲ್ಲೋ ಇತ್ತು. "ಓಗಣ್ಣಾ ಆಚೆ! ಏಳು! ಓಗು ಅಂದ್ರೆ ಓಗ್ಬೇಕು!" ಇಡೀ ವಾರ್ಡು ತಿರುಗಿ ನೋಡಿತು. ಜವರಪ್ಪನ ಮುಖ ಬಿಳಿಚಿತು. ಅತ್ತೆಯ ಕೊನೆಗಾಲ ಬಂತೆಂದೇ ತಿಳಿದು, ಮಂಚದ ಕಡೆಗೆ ಕೈಮುಗಿದು ಹೊರಗೆ ಹೋದ.

ಭುವನಾ ತೆರೆ ಎಳೆದಳು. ದಿಂಬನ್ನು ಹೊಲಿಗೆಗೆ ಒತ್ತಿ ಹಿಡಿಯಲು ಹೇಳಿಕೊಟ್ಟಳು, ಉಸಿರು ಎಳೆಯಲು ಹೇಳಿಕೊಟ್ಟಳು. ಹಾಗೆ ಹೇಳಿಕೊಟ್ಟ ಗಳಿಗೆಯೇ ಮುತ್ಯಾಲಮ್ಮ ಅವಳ ಸಂಶೋಧನೆಯಿಂದ ಹೊರಬಿದ್ದಳು, ಆಮೇಲೆ ಮೇಡಂ ಕೈಲಿ ಬೈಸಿಕೊಂಡದ್ದೂ ಆಯಿತು. ಎಡ ಮಗ್ಗುಲಿಗೆ ಹೊರಳಿಸಿ, ಮಂಡಿ ಮಡಿಸಿ, ಬೆನ್ನು ನೀವಿದಳು. ಏನೂ ಆಗಲಿಲ್ಲ. ತಡೆದು ತಡೆದು ಅದೂ ಮುನಿಸಿಕೊಂಡಿತ್ತೋ ಏನೋ. ಟ್ರಾಲಿ ಮಂಚದ ಪಕ್ಕಕ್ಕೇ ಬಂದು ನಿಂತಿತು. "ಸ್ವಲ್ಪ ಇರಿ, ಸ್ವಲ್ಪ ಇರಿ" ಎಂದು ಟ್ರಾಲಿಯವನನ್ನು ಬೇಡಿಕೊಂಡು, ಡ್ರಿಪ್ಪಿನ ಬಾಟಲಿ ಒಂದು ಕೈಯಲ್ಲಿ, ಮುತ್ಯಾಲಮ್ಮನ ತೋಳು ಇನ್ನೊಂದು ಕೈಯಲ್ಲಿ ಹಿಡಿದು ಅವಳನ್ನು ಎಬ್ಬಿಸಿ ನಿಲ್ಲಿಸಿದಳು. ಮಂಚ ಹಿಡಿದು ಒಂದೆರಡು ಹೆಜ್ಜೆ ನಡೆಸಿದಳು.

ಮಂಚದ ಮೂಲೆ ತಿರುಗುವಾಗ ಹೋಯಿತು. ಸಣ್ಣದಾಗೇನೂ ಅಲ್ಲ, ತೆರೆಯಾಚೆಯ ಹೆಂಗಸು ತನ್ನ ಹೊಲಿಗೆ ಹಿಡಿದುಕೊಂಡು ನಗುವಷ್ಟು. ಹಿಂದೆಯೇ ಇನ್ನೊಂದು. ಭುವನಾ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಕಲೈವಾಣಿ ಓಡಿಬಂದು ಹೊಟ್ಟೆ ಮುಟ್ಟಿ ನೋಡಿ, ಟ್ರಾಲಿ ವಾಪಸ್ ಕಳಿಸಿ, ಡಾಕ್ಟರಿಗೆ ಹೇಳಲು ಹೋದಳು. ಮುತ್ಯಾಲಮ್ಮ ಮಾತ್ರ ಮಲಗಿ ಮುಖದ ತುಂಬ ಸೆರಗು ಮುಚ್ಚಿಕೊಂಡು, "ಯವ್ವಾ, ನಿನ್ ಕಾಲಿಗ್ ಬೀಳ್ತೀನಿ, ಅವ್ರಿಗ್ ಮಾತ್ರ ಯೋಳ್ಬ್ಯಾಡ" ಎಂದು ಭುವನಾಳ ಕೈಯಲ್ಲಿ ಭಾಷೆ ಹಾಕಿಸಿಕೊಂಡಳು.

ಭುವನಾ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. ಜವರಪ್ಪ ಗೋಡೆಗೆ ಒರಗಿ ನಿಂತಿದ್ದ. ಅತ್ತೆಯಿಲ್ಲದ ಬರೀ ಟ್ರಾಲಿ ವಾಪಸ್ ಹೋದದ್ದನ್ನು ನೋಡಿದ್ದ. ಈಗ ಸಿಸ್ಟರಮ್ಮನ ಅತ್ತ ಮುಖವನ್ನೂ ನೋಡಿದ. ಅವನಿಗೆ ಸಮಾಧಾನ ಹೇಳಬೇಕು, ಆದರೆ ಆ ಮಾತನ್ನು ಎತ್ತುವಂತಿಲ್ಲ. ಭುವನಾ ತಡವರಿಸಿ, ಅತ್ತು ಒಡೆದ ದನಿಯಲ್ಲಿ ಅರ್ಧ ಮಾತಷ್ಟೇ ಹೇಳಿದಳು.

"ಓಯ್ತು ಅಣ್ಣಾ... ಓಯ್ತು."

ಜವರಪ್ಪ ಗೋಡೆಗುಂಟ ಜಾರಿ ಕುಸಿದ. "ಅಯ್ಯೋ ನಮ್ಮತ್ತೇ! ರಾಜಾತಿಗೆ ನಾನೇನ್ ಯೋಳ್ಳೀ!" ಎಂದು ಎದೆ ಬಡಿದುಕೊಂಡು ಗೋಳಿಟ್ಟ ದನಿಗೆ ಅಕ್ಕಪಕ್ಕದ ವಾರ್ಡಿನವರೆಲ್ಲ ಎದ್ದು ಬಂದರು. ಅಲ್ಲ ಅಣ್ಣಾ, ಅಲ್ಲ ಎಂದು ಭುವನಾ ಅವನ ಭುಜ ಅಲುಗಿಸುತ್ತಿದ್ದಾಳೆ, ಅವನಿಗೆ ಕೇಳಿಸುತ್ತಿಲ್ಲ. ಅಷ್ಟರಲ್ಲಿ ತೆರೆಯೊಳಗಿಂದ, ಮೂಗಿನ ನಳಿಕೆಯಿಂದಾಗಿ ಗೊಗ್ಗರಾದ ದನಿ ಇಡೀ ಆಸ್ಪತ್ರೆಗೆ ಕೇಳುವಂತೆ ಬಂತು:

"ಯಾಕ್ಲಾ ಜವರಾ ಅಂಗ್ ಬಾಯ್ ಬಡ್ಕಂತೀಯಾ? ಓಗಿದ್ದು ನಾನಲ್ಲ ಕಣ್ಲಾ, ಗಾಳಿ!"