ನಟ್ಟು ಮತ್ತೊಮ್ಮೆ ಬಿಗಿ ಮಾಡಿಸಿದವರು

ಸರಕು ವಾಹನಗಳ ತಪಾಸಣೆ ಹೊಗಳಿಕೆಗೆ ಒದಗಿಬರುವ ವೃತ್ತಿಯಲ್ಲ. ತಪಾಸಕ ತನ್ನ ಕೆಲಸವನ್ನು ಸರಿಯಾಗಿ ಮಾಡಿದ ದಿನ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಏನೂ ಆಗದಿದ್ದುದಕ್ಕೆ ಯಾರೂ ಹಾರ ತರುವುದಿಲ್ಲ. ಇಂಥ ಕ್ಷೇತ್ರದಲ್ಲಿ, ಅದರಲ್ಲೂ ಒಂದೇ ಗಾಡಿಯನ್ನು ನಂಬಿ ಸಂಸಾರ ಸಾಗಿಸುವ ಸಣ್ಣ ಲಾರಿ ಚಾಲಕರ ನಡುವೆ, ತಮ್ಮ ಸೇವಾವಧಿಯನ್ನೆಲ್ಲ ಕಳೆದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯರನ್ನು ಕಚೇರಿಯ ಕಡತಗಳು ‘ವಾಹನ ತಪಾಸಕರು’ ಎನ್ನುತ್ತವೆ, ಚಾಲಕರೆಲ್ಲ ‘ಮೇಷ್ಟ್ರು’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದ ಸಮಿತಿಯವರು ನನ್ನಿಂದ ಸವಿನೆನಪುಗಳನ್ನು ಕೇಳಿದ್ದಾರೆ. ನೆನಪುಗಳು ಬೇಕಾದಷ್ಟಿವೆ, ಎಲ್ಲವೂ ಸವಿಯಾಗಿಲ್ಲ. ಓದುಗರು ಅದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ತರಬೇತಿಗೆಂದು ಅವರ ಕೈಕೆಳಗೆ ಸೇರಿದ ವರ್ಷವೇ ಸಣ್ಣ ಲಾರಿಗಳಿಗೂ ಲಾಗ್‌ಬುಕ್ ಕಡ್ಡಾಯವಾಯಿತು. ಬೆಳಿಗ್ಗೆ ಗಾಡಿ ಹೊರಡಿಸುವ ಮುನ್ನ ಬ್ರೇಕು, ಟೈರು, ದೀಪ, ಚಕ್ರದ ನಟ್ಟುಗಳನ್ನು ಪರೀಕ್ಷಿಸಿ ಗುರುತು ಹಾಕಬೇಕು. ಎಷ್ಟು ಹೊತ್ತು ಓಡಿಸಿದೆ, ಎಷ್ಟು ಹೊತ್ತು ವಿಶ್ರಮಿಸಿದೆ ಎಂಬುದನ್ನು ಬರೆದಿಡಬೇಕು ಎಂಬುದು ನಿಯಮ. ಚಾಲಕರಿಗೆ ಇದು ತಲೆನೋವಾಯಿತು. ವಾರದ ಮೊದಲ ದಿನವೇ ಚಹಾದಂಗಡಿಯ ಬೆಂಚಿನ ಮೇಲೆ ಕೂತು ವಾರಕ್ಕಾಗುವಷ್ಟು ಗುರುತುಗಳನ್ನು ಒಂದೇ ಸಲ ಹಾಕಿ ಕೈತೊಳೆದುಕೊಳ್ಳುವ ಪದ್ಧತಿ ಬಹುಬೇಗ ರೂಢಿಗೆ ಬಂತು. ಒಂದು ಬುಧವಾರ ತಪಾಸಣೆಗೆ ಸಿಕ್ಕ ಪುಸ್ತಕವೊಂದರಲ್ಲಿ ಶನಿವಾರದ ಬ್ರೇಕೂ ಸರಿಯಾಗಿತ್ತು. ಮೇಷ್ಟ್ರು ಅದನ್ನು ಓದಿ, ದಂಡದ ರಸೀದಿ ಹರಿಯಲು ನಿಂತಿದ್ದ ನನ್ನನ್ನು ಕೈಸನ್ನೆಯಿಂದ ತಡೆದು, “ಶನಿವಾರ ಬ್ರೇಕ್ ಸರಿ ಇರುತ್ತೆ ಅಂತ ಇವತ್ತೇ ಗೊತ್ತಾಯ್ತಾ ಪುಣ್ಯಾತ್ಮ? ಹಾಗಾದ್ರೆ ಬಂದು ನಮ್ಮ ಆಫೀಸಲ್ಲೇ ಕೂತ್ಕೊ, ನಮ್ಗೂ ಅನುಕೂಲ” ಎಂದರು. ಆಮೇಲೆ ಪುಸ್ತಕ ಮುಚ್ಚಿಸಿ, ಗಾಡಿಯ ಸುತ್ತ ಅವನನ್ನು ನಡೆಸಿ, ಒಂದೊಂದನ್ನೂ ಕೈಯಿಂದ ಮುಟ್ಟಿಸಿ, ಬಾಯಲ್ಲಿ ಹೇಳಿಸಿದರು. ‘ಮೇಷ್ಟ್ರು’ ಎಂಬ ಹೆಸರು ಅಂಟಿಕೊಂಡದ್ದು ಹೀಗೆ.

ಅವರೊಡನೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ. ಗಾಡಿಯಡಿ ತೂರಿ ನೋಡದೆ ಬರೆದ ವರದಿಯನ್ನು ಅವರು ವಾಸನೆಯಿಂದಲೇ ಹಿಡಿಯುತ್ತಿದ್ದರು. “ಏನಮ್ಮ, ನಿನ್ನ ಬೆನ್ನು ಇಷ್ಟು ಶುಭ್ರವಾಗಿದೆ?” ಎಂದು ಎಲ್ಲರೆದುರು ಕೇಳಿ ನನ್ನನ್ನು ಮತ್ತೆ ನೆಲಕ್ಕೆ ಮಲಗಿಸಿದ್ದಿದೆ. ಆದರೆ ಅದೇ ಮನುಷ್ಯ, ವಿಶ್ರಾಂತಿಯ ಹೊತ್ತಿನಲ್ಲೂ ಇನ್ನೊಂದು ಲೋಡು ಹಾಕಿಕೊಂಡು ಹೋಗೆಂದು ವ್ಯಾಪಾರಿಯೊಬ್ಬ ಚಾಲಕನನ್ನು ಕಾಡುತ್ತಿದ್ದಾಗ ತಾವೇ ಫೋನು ಮಾಡಿ, ಕಾನೂನನ್ನು ತಣ್ಣಗೆ ಓದಿ ಹೇಳಿ, ಆ ಚಾಲಕನನ್ನು ಅಂಗಳದ ಮರದಡಿ ನಿದ್ದೆ ಮಾಡಲು ಕಳಿಸಿದರು. “ಸಣ್ಣ ಗಾಡಿಗೆ ಯಾಕ್ ಸಾರ್ ಇಷ್ಟು ದೊಡ್ಡ ಪುಸ್ತಕ?” ಎಂದು ಯಾರಾದರೂ ಗೊಣಗಿದರೆ, “ದೊಡ್ಡ ಗಾಡಿಯವನ ಹಿಂದೆ ಕಂಪನಿ ಇರುತ್ತೆ. ನಿನ್ನ ಹಿಂದೆ ಯಾರಿದಾರಪ್ಪ?” ಎನ್ನುತ್ತಿದ್ದರು.

ಗೊಣಗುವವರಲ್ಲಿ ಅಗ್ರಗಣ್ಯರೊಬ್ಬರಿದ್ದರು. ತರಕಾರಿ ಸಾಗಿಸುವ ಈ ಚಾಲಕರಿಗೆ ಜೊತೆಯವರು ಇಟ್ಟ ಹೆಸರೇ ‘ಗೊಣಗಣ್ಣ’. ಬಿಸಿಲಿದ್ದರೆ ಟೈರು ಸವೆಯುತ್ತದೆಂದು, ಮಳೆ ಬಂದರೆ ತರಕಾರಿ ಕೊಳೆಯುತ್ತದೆಂದು ಗೊಣಗುವವರು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ ಅವರಿಗೆ ಸಂಬಂಧಿಸಿದ್ದು.

ಮೇಷ್ಟ್ರ ಬಡ್ತಿ ಬಹುಮಟ್ಟಿಗೆ ನಿಶ್ಚಯವಾಗಿದ್ದ ವರ್ಷ ಅದು. ಗೊಣಗಣ್ಣನ ಗಾಡಿ ವಾರ್ಷಿಕ ತಪಾಸಣೆಗೆ ಬಂತು. ಮೇಷ್ಟ್ರು ಹಿಂದಿನ ಎಡ ಚಕ್ರವನ್ನು ಬಿಚ್ಚಿಸಿ ಬ್ರೇಕಿನ ಒಳಭಾಗ ನೋಡಿದರು, ಮತ್ತೆ ಜೋಡಿಸಿ ನಟ್ಟು ಬಿಗಿ ಮಾಡಿಸಿದರು, ಅರ್ಹತಾ ಪತ್ರಕ್ಕೆ ಸಹಿ ಹಾಕಿದರು. ಮರುದಿನ ಮಾರುಕಟ್ಟೆಯ ಇಳಿಜಾರಿನಲ್ಲಿ ಅದೇ ಚಕ್ರ ಕಳಚಿ ಉರುಳಿತು. ಗಾಡಿ ಗೋಡೆಗೆ ಒರಗಿ ನಿಂತಿತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರ ಕಾಲು ಮುರಿಯಿತು. ಅವರು ಮುಂದೆ ಗುಣವಾದರೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ವಿಚಾರಣೆ ನಮ್ಮ ಕಚೇರಿಯ ಉದ್ದನೆಯ ಕೋಣೆಯಲ್ಲಿ ನಡೆಯಿತು. ಮೇಲಿನ ಕಚೇರಿಯಿಂದ ಬಂದ ವಿಚಾರಣಾಧಿಕಾರಿಗಳು ಲಾಗ್‌ಬುಕ್ಕನ್ನು ತಿರುವಿದರು. ಪ್ರತಿದಿನದ ಗುರುತೂ ಒಂದೇ ಶಾಯಿ, ಒಂದೇ ಓರೆ. ಚಕ್ರ ಕಳಚಿದ ದಿನದ ಬೆಳಿಗ್ಗೆ ‘ನಟ್ಟು ಸರಿ’ ಎಂಬಲ್ಲೂ ಗುರುತಿತ್ತು. ನೋಡದೆ ಹಾಕಿದ ಗುರುತೆಂದು ಅವರು ತೀರ್ಮಾನಿಸಿಯೇ ಬಿಟ್ಟಂತಿತ್ತು. ಸುಳ್ಳು ದಾಖಲೆಗೆ ಶಿಕ್ಷೆ ಲೈಸೆನ್ಸ್ ರದ್ದು.

“ಕೈಲಿ ಮುಟ್ಟಿ ನೋಡಿದೆ ಸಾರ್, ಅಲ್ಲಾಡ್ಲಿಲ್ಲ” ಎಂದರು ಗೊಣಗಣ್ಣ. “ನಂಗೆ ಬರೋದು ಇದೊಂದೇ ಕೆಲ್ಸ. ಇದೂ ಹೋದ್ರೆ ಏನ್ ಮಾಡ್ಲಿ?” ಬಾಗಿಲ ಬಳಿಯ ಸ್ಟೂಲಿನ ಮೇಲೆ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಮೇಷ್ಟ್ರನ್ನು ಕರೆದದ್ದು ಔಪಚಾರಿಕ ಸಾಕ್ಷಿಯಾಗಿ ಮಾತ್ರ. ‘ತಪಾಸಣೆ ನಿಯಮದಂತೆ ನಡೆಯಿತು’ ಎಂದು ಹೇಳಿ ಕೂತುಬಿಟ್ಟಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಅವರು ಎದ್ದು ನಿಂತು ಅಂಗಿಯ ತೋಳು ಸರಿಪಡಿಸಿಕೊಂಡರು.

“ಬಿಚ್ಚಿ ಹಾಕಿದ ಚಕ್ರದ ನಟ್ಟು ಸ್ವಲ್ಪ ದೂರ ಓಡಿದ ಮೇಲೆ ಸಡಿಲ ಆಗುತ್ತೆ ಸಾರ್. ಗಾಡಿ ನಿಲ್ಲಿಸಿ, ಸ್ಪ್ಯಾನರ್ ಹಾಕಿ, ಮತ್ತೊಂದು ಸಲ ಬಿಗಿ ಮಾಡ್ಬೇಕು. ಕೈಲಿ ಮುಟ್ಟಿದ್ರೆ ಅದು ಗೊತ್ತಾಗಲ್ಲ. ಚಕ್ರ ಬಿಚ್ಚಿಸಿದಾಗೆಲ್ಲ ನಾನು ಇದನ್ನ ಚಾಲಕರಿಗೆ ಹೇಳಿ ಕಳಿಸ್ತೀನಿ. ಇವ್ರಿಗೆ ಹೇಳ್ಲಿಲ್ಲ.”

“ಯಾಕೆ ಹೇಳ್ಲಿಲ್ಲ?”

“ಬಡ್ತಿ ವಿಷಯಕ್ಕೆ ಶುಭಾಶಯ ಹೇಳೋಕೆ ಫೋನ್ ಬಂದಿತ್ತು. ಒಳಗೆ ಹೋದೆ. ಸಹಿ ಮಾಡಿದ ಪತ್ರಾನ ಕಿಟಕಿಯಲ್ಲೇ ಕೊಟ್ಟು ಕಳಿಸ್ಬಿಟ್ಟೆ.”

ವಿಚಾರಣಾಧಿಕಾರಿಗಳು ಪೆನ್ನು ಕೆಳಗಿಟ್ಟು, “ಇದನ್ನ ಬರ್ಕೊಂಡ್ರೆ ಏನಾಗುತ್ತೆ ಅಂತ ನಿಮ್ಗೆ ಗೊತ್ತಲ್ವಾ?” ಎಂದು ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಹಿಂದೆ ಸರಿಯಲು ಒಂದು ದಾರಿ ತೋರಿಸಿದರು.

“ಗೊತ್ತು ಸಾರ್. ಬರ್ಕೊಳ್ಳಿ” ಎಂದರು ಮೇಷ್ಟ್ರು.

ಗೊಣಗಣ್ಣನ ಲೈಸೆನ್ಸ್ ಉಳಿಯಿತು, ಮೇಷ್ಟ್ರ ಬಡ್ತಿ ಹೋಯಿತು. ನನಗೆ ಅಂದು ಬಂದದ್ದು ಗೌರವವಲ್ಲ, ಸಿಟ್ಟು. ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟಿ, ಹರಿಶ್ಚಂದ್ರನಾಗಲು ಬೇರೆ ದಿನ ಸಿಗಲಿಲ್ಲವೇ, ಮನೆಯವರನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಜಗಳವಾಡಿದೆ. “ಕೇಳ್ದೆ ಕಣಮ್ಮ. ನಿಜ ಹೇಳದೆ ಮನೆಗೆ ಬಂದ್ರೆ ಊಟ ಇಲ್ಲ ಅಂದ್ಲು” ಎಂದು ನಕ್ಕು ಅಂಗಳಕ್ಕೆ ಇಳಿದರು. ಅವರ ಮನೆಯವರನ್ನು ಈ ಗ್ರಂಥದಲ್ಲಿ ಯಾರೂ ಪ್ರತ್ಯೇಕವಾಗಿ ಅಭಿನಂದಿಸಿಲ್ಲವಾದ್ದರಿಂದ ಆ ಕೆಲಸವನ್ನು ನಾನು ಇಲ್ಲಿ ಮಾಡುತ್ತಿದ್ದೇನೆ.

ಮುಂದಿನ ಕೆಲವು ತಿಂಗಳು ಮೇಷ್ಟ್ರು ಮೇಲಿನ ಕಚೇರಿಯ ಮೆಟ್ಟಿಲು ಸವೆಸಿದರು. ಎಲ್ಲರೂ ಬಡ್ತಿಗಾಗಿ ಎಂದುಕೊಂಡೆವು. ಅವರು ಕೇಳಲು ಹೋಗಿದ್ದು ಲಾಗ್‌ಬುಕ್ಕಿನ ನಮೂನೆಯಲ್ಲಿ ಇನ್ನೊಂದು ಸಾಲು: ‘ಚಕ್ರ ಬಿಚ್ಚಿ ಜೋಡಿಸಿದ್ದರೆ, ಸ್ವಲ್ಪ ದೂರ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಲಾಗಿದೆ.’ ಕೆಳಗೆ ಚಾಲಕನ ಸಹಿ, ಪಕ್ಕದಲ್ಲಿ ತಿಳಿಸಿದ ತಪಾಸಕನ ಸಹಿ. ಎರಡನೆಯ ಸಹಿಗೆ ನಮ್ಮವರೇ ಬಹಳ ಮಂದಿ ಅಡ್ಡಗಾಲು ಹಾಕಿದರು. ಆದರೂ ಅದು ಬಂತು. ಇಂದು ನಮ್ಮಲ್ಲಿ ಚಕ್ರ ಬಿಚ್ಚಿಸಿಕೊಂಡ ಪ್ರತಿ ಸಣ್ಣ ಲಾರಿಯೂ ಒಂದು ಸುತ್ತು ಹೋಗಿ ಬಂದು ಅಂಗಳದಲ್ಲಿ ಮತ್ತೆ ನಿಲ್ಲುತ್ತದೆ. ಚಾಲಕರು ಶಪಿಸುತ್ತಲೇ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

ಅವರಿಗೆ ಬರಬೇಕಾಗಿದ್ದ ಕುರ್ಚಿಯಲ್ಲಿ ವರ್ಷಗಳು ಕಳೆದ ಮೇಲೆ ನಾನು ಕೂತೆ. ನನ್ನ ಕೈಕೆಳಗೆ ಅವರು ಕೆಲಸ ಮಾಡಿದರು. ಜನರೆದುರು “ಮೇಡಂ” ಎಂದರು, ಒಳಗೆ ಬಂದ ಕೂಡಲೇ “ಏನಮ್ಮ” ಎಂದರು. ಎರಡರಲ್ಲೂ ಕೊಂಕಿರಲಿಲ್ಲ. ಅದನ್ನು ಸಹಿಸಿಕೊಳ್ಳುವುದೇ ನನಗೆ ಕಷ್ಟವಾಗಿತ್ತು. ಬಡ್ತಿ ಪಡೆದೇ ನಿವೃತ್ತರಾಗಬೇಕಿದ್ದವರು ಅವರು ಎಂದು ಈಗಲೂ ಅನ್ನಿಸುತ್ತದೆ, ಈಗಲೂ ಬೇಸರವಾಗುತ್ತದೆ.

ನಿವೃತ್ತಿಯ ನಂತರ ರಜೆಯ ದಿನಗಳಲ್ಲಿ ಚಾಲಕರ ಸಂಘದ ಶೆಡ್ಡಿನಲ್ಲಿ ಹೊಸಬರಿಗೆ ಗಾಡಿ ಪರೀಕ್ಷೆಯ ಪಾಠ ಹೇಳಲು ಅವರು ಒಪ್ಪಿಕೊಂಡಿದ್ದಾರೆ. ಆ ಪಾಠ ಬಹುಕಾಲ ನಡೆಯಲಿ, ಗಾಡಿಯಡಿ ಬಗ್ಗುವ ಅವರ ಬೆನ್ನಿಗೆ ಬಲವಿರಲಿ, ದಂಪತಿಗಳಿಬ್ಬರೂ ಆರೋಗ್ಯದಿಂದ ನೂರ್ಕಾಲ ಬಾಳಲಿ ಎಂದು ಇಡೀ ಕಚೇರಿಯ ಪರವಾಗಿ ಹಾರೈಸುತ್ತೇನೆ.

ಈ ಗ್ರಂಥಕ್ಕೆ ನಾಲ್ಕು ಮಾತು ಬರೆದುಕೊಡಿ ಎಂದು ಗೊಣಗಣ್ಣನನ್ನೂ ಕೇಳಿದ್ದೆ. ತಲೆ ಈಗ ಪೂರ್ತಿ ನರೆತಿದೆ, ಗಾಡಿ ಇನ್ನೂ ಓಡಿಸುತ್ತಾರೆ. ಬರೆಯಲು ಬರುವುದಿಲ್ಲ, ಹೊಗಳಲು ಮೊದಲೇ ಬರುವುದಿಲ್ಲ ಎಂದು ಗೊಣಗುತ್ತ ಗಾಡಿ ಹತ್ತಿದವರು, ಎಂಜಿನ್ ಆರಿಸಿ ಮತ್ತೆ ಇಳಿದು ಬಂದರು.

“ನನ್ನ ಲೈಸೆನ್ಸ್ ಈ ವರ್ಷಾನೂ ರಿನ್ಯೂ ಆಯ್ತು ಅಂತ ಬರೀರಿ ಮೇಡಂ. ಅಷ್ಟೇ ಸಾಕು, ಅವ್ರಿಗೆ ಗೊತ್ತಾಗುತ್ತೆ.”