ಐದಕ್ಕೆ ಮೂರು

ನಮ್ಮ ಬೀದಿಯವರಿಗೆ ಹೊಗಳಲು ಬರುವುದಿಲ್ಲ. ದೂರು ಹೇಳುತ್ತಿಲ್ಲ, ನಾನೂ ಅದೇ ಬೀದಿಯವಳೇ. ಜಯನಗರದ ಹಳೆಯ ಬ್ಲಾಕುಗಳಲ್ಲಿ ಬೇರು ಬಿಟ್ಟವರು ಮದುವೆ ಊಟ ಮುಗಿಸಿ ಕೈ ತೊಳೆಯುವಾಗ ‘ಸಾರು ಚೆನ್ನಾಗಿತ್ತು, ಉಪ್ಪು ಒಂಚೂರು ಮುಂದಾಯ್ತು’ ಎನ್ನುತ್ತಾರೆ. ಮಗು ತರಗತಿಗೇ ಮೊದಲು ಬಂದರೆ ‘ಅಕ್ಷರ ದುಂಡಗಾಗಬೇಕು’ ಎನ್ನುತ್ತಾರೆ. ಪೂರ್ತಿ ಹೊಗಳಿದರೆ ದೃಷ್ಟಿಯಾಗುತ್ತದೆ ಎಂಬ ಭಯ ಅರ್ಧ, ಹೊಗಳಿಸಿಕೊಂಡವರು ತಲೆಯ ಮೇಲೆ ಕೂರುತ್ತಾರೆ ಎಂಬ ಭಯ ಇನ್ನರ್ಧ. ಇಂಥ ಬೀದಿಯಲ್ಲಿ ಕೂತು ನನ್ನ ನಾದಿನಿ, ಅಂದರೆ ನನ್ನ ಗಂಡನ ತಂಗಿ, ಜನರು ಕೊಡುವ ನಕ್ಷತ್ರಗಳನ್ನೇ ನಂಬಿದ ವ್ಯಾಪಾರ ಶುರು ಮಾಡಿದಳು.

ಅವಳು ಮೊದಲು ಒಂದು ಶಾಲೆಯ ಆಫೀಸಿನಲ್ಲಿದ್ದಳು. ಫೀಸು, ಹಾಜರಿ, ವರ್ಗಾವಣೆ ಪತ್ರ ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಆ ಆಫೀಸಿನ ಕುರ್ಚಿಗಳು ಕಡಿಮೆಯಾದವು. ಎದ್ದು ಬಂದವರಲ್ಲಿ ಇವಳೂ ಒಬ್ಬಳು. ಮದುವೆ ಆಗಿಲ್ಲ; ಆಗಬೇಕು ಅನ್ನಿಸಲೇ ಇಲ್ಲ ಎನ್ನುತ್ತಾಳೆ, ನಾನು ನಂಬುತ್ತೇನೆ. ನಮ್ಮ ಜೊತೆಗೇ ಇದ್ದಾಳೆ. ಕೆಲವು ತಿಂಗಳು ಸುಮ್ಮನೆ ಕೂತು, ಟೀವಿಗೆ ಬೈದು, ನನ್ನ ಅಡುಗೆಗೆ ಬೈದು, ಕೊನೆಗೆ ಒಂದು ದಿನ ‘ನಾನು ಒಬ್ಬಟ್ಟು ಮಾಡಿ ಮಾರ್ತೀನಿ’ ಎಂದಳು. ಅವಳ ಒಬ್ಬಟ್ಟಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ದೃಷ್ಟಿಯಾದೀತು. ತಿಂದ ಮೇಲೆ ಸ್ವಲ್ಪ ಹೊತ್ತು ಯಾರ ಮೇಲೂ ಕೋಪ ಬರುವುದಿಲ್ಲ, ಅಷ್ಟೇ.

ಮನೆಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರಾಡುವ ಹಾಗಿಲ್ಲ. ಹಾಗಾಗಿ ಗೇಟಿನ ಪಕ್ಕದ ಕಾರ್ ಶೆಡ್ಡಿಗೆ ಒಲೆ, ಕಾವಲಿ, ರುಬ್ಬುವ ಯಂತ್ರ ಹೋದವು. ಹಳೆಯ ಕಾರು ಮಾರಿಯಾಗಿತ್ತು, ಶೆಡ್ ಖಾಲಿಯಿತ್ತು. ಆದರೆ ನನ್ನ ಗಂಡ ಆಗಲೇ ಹೊಸ ಕಾರಿಗೆ ಹೇಳಿಟ್ಟಿದ್ದರು. ತಂಗಿಯನ್ನು ಕೂರಿಸಿಕೊಂಡು ಬ್ಯಾಂಕಿನ ಮ್ಯಾನೇಜರ್ ದನಿಯಲ್ಲಿ ಹೇಳಿದರು: “ನೋಡು, ಯುಗಾದಿ ದಿನ ಗಾಡಿ ಬರುತ್ತೆ. ಅಷ್ಟರಲ್ಲಿ ನಿನ್ನ ವ್ಯಾಪಾರ ಕುದುರಿದ್ರೆ ಯೋಚನೆ ಮಾಡೋಣ. ಇಲ್ಲಾಂದ್ರೆ ಶೆಡ್ ಬಿಟ್ಕೊಡ್ಬೇಕು.”

ಅವಳು ‘ಆಯ್ತು’ ಎಂದಳು. ರಾತ್ರಿ ಪಾತ್ರೆ ತೊಳೆಯುವಾಗ ಮಾತ್ರ ನನ್ನ ಹತ್ತಿರ, “ಅತ್ತಿಗೆ, ಶೆಡ್ ಇದ್ರೆ ನಾನು ಅಂಗಡಿಯವಳು. ಶೆಡ್ ಹೋದ್ರೆ ಅಣ್ಣನ ಮನೇಲಿ ಇರೋಳು” ಎಂದಳು. ನಾನು ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ದೀಪಾವಳಿಯ ಹೊತ್ತಿಗೆ ಅಂಗಡಿಯನ್ನು ಫೋನಿನಲ್ಲೇ ಊಟ ತಿಂಡಿ ತರಿಸುವ ಆಪಿಗೆ ಏರಿಸಿದೆವು. ಏರಿಸಿದವಳು ನಾನೇ. ನಾನು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ವ್ಯವಹಾರದಲ್ಲಿ ಮಾಹಿತಿ ವ್ಯವಸ್ಥೆಗಳು ಎಂಬ ವಿಷಯ ಪಾಠ ಮಾಡುತ್ತೇನೆ. ಗ್ರಾಹಕರ ಅಭಿಪ್ರಾಯವನ್ನು ಕಲೆಹಾಕಬೇಕು, ಅದರಿಂದ ಗುಣಮಟ್ಟ ಏರುತ್ತದೆ, ಗುಣಮಟ್ಟದಿಂದ ವ್ಯಾಪಾರ ಏರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಬಿಡಿಸಿ ತೋರಿಸುತ್ತೇನೆ. ಮನೆಯ ಮಟ್ಟಿಗೆ ನಾನೇ ಪಂಡಿತೆ. ಬೀದಿಯವರ ಮನೆಮನೆಗೂ ಹೋಗಿ, ಅವರ ಫೋನ್ ಹಿಡಿದು, ‘ಇಲ್ಲಿಂದ್ಲೇ ತರಿಸ್ಕೊಳ್ಳಿ, ತಿಂದು ನಕ್ಷತ್ರ ಕೊಡಿ, ಎರಡು ಸಾಲು ಬರೀರಿ’ ಎಂದು ಕಲಿಸಿದೆ. ಬೀದಿಯವರು ಒಳ್ಳೆಯವರು. ಎಲ್ಲರೂ ತರಿಸಿಕೊಂಡರು. ಎಲ್ಲರೂ ಬರೆದರು. ಎಲ್ಲರೂ ಐದಕ್ಕೆ ಮೂರು ಕೊಟ್ಟರು.

ಪಕ್ಕದ ಮನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರಿದ್ದಾರೆ. ಅವರು ಬರೆದದ್ದು: ‘ಹೂರಣ ಇನ್ನೂ ನುಣ್ಣಗಾಗಬಹುದಿತ್ತು. ಪ್ರಯತ್ನ ಮೆಚ್ಚತಕ್ಕದ್ದು. ಮುಂದುವರಿಸಿ.’ ಎದುರುಮನೆಯ ಆಂಟಿ ಬರೆದದ್ದು: ‘ನಮ್ಮತ್ತೆ ಮಾಡುತ್ತಿದ್ದ ಹಾಗಿಲ್ಲ. ಆದರೂ ಮತ್ತೆ ತರಿಸಿದೆ.’ ಇಬ್ಬರೂ ವಾರ ತಪ್ಪದೆ ತರಿಸುವವರು. ಮೇಷ್ಟ್ರಂತೂ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಕೊಂಡು ಕಣ್ಣು ಮುಚ್ಚಿ ತಿನ್ನುವುದನ್ನು ನಾನೇ ನಮ್ಮ ತಾರಸಿಯಿಂದ ನೋಡಿದ್ದೇನೆ.

ಶುರುವಿನಲ್ಲಿ ನಮಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಆದರೆ ಬೇರೆ ಕಡೆಯಿಂದ ಆರ್ಡರೇ ಬರಲಿಲ್ಲ. ಜೆ.ಪಿ. ನಗರದಿಂದ ಇಲ್ಲ, ಬನಶಂಕರಿಯಿಂದ ಇಲ್ಲ. ಆಪಿನಲ್ಲಿ ಒಬ್ಬಟ್ಟು ಎಂದು ಹುಡುಕಿದರೆ ಅರೆಕೆರೆಯ ಕೇಕಿನ ಅಂಗಡಿಯೂ ಯಾವುದೋ ಪರೋಟದ ಅಂಗಡಿಯೂ ಬಂದು ಕೂರುತ್ತಿದ್ದವೇ ಹೊರತು, ಒಬ್ಬಟ್ಟನ್ನೇ ಮಾಡುವ ನಮ್ಮ ಶೆಡ್ ಬೆರಳು ನೋಯುವಷ್ಟು ಕೆಳಗೆ ಹೋದರೂ ಸಿಗುತ್ತಿರಲಿಲ್ಲ. ನಾದಿನಿ ಕಾವಲಿಯ ಮುಂದೆ ಕೂತು ಫೋನನ್ನು ನೋಡುವಳು, ಫೋನು ಅವಳನ್ನು ನೋಡುವುದು. ನನ್ನ ಗಂಡ ಶೆಡ್ಡಿನ ಅಗಲವನ್ನು ಟೇಪು ಹಿಡಿದು ಅಳೆಯತೊಡಗಿದರು. ಅವರ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ.

ವಿಷಯ ತಿಳಿದದ್ದು ನನ್ನ ತರಗತಿಯಲ್ಲಿ. ನಮ್ಮ ಕಥೆಯನ್ನೇ ಉದಾಹರಣೆಯಾಗಿ ಹೇಳಿ, ‘ಇಷ್ಟು ಒಳ್ಳೆಯ ಅಭಿಪ್ರಾಯ ಬಂದರೂ ಅಂಗಡಿ ಯಾಕೆ ಕಾಣಿಸುತ್ತಿಲ್ಲ, ಹೇಳಿ’ ಎಂದೆ. ಎಷ್ಟು ನಕ್ಷತ್ರ ಎಂದು ಕೇಳಿದರು. ಮೂರು ಎಂದೆ. ಇಡೀ ತರಗತಿ ನಕ್ಕಿತು.

“ಮೇಡಂ, ಮೂರು ಅಂದ್ರೆ ಬೈದಂಗೆ!” ಎಂದಳು ಮುಂದಿನ ಬೆಂಚಿನ ಹುಡುಗಿ. “ಊಟ ಮಾಮೂಲಿ ಇದ್ರೆ ಐದು. ಲೇಟಾಗಿ ಬಂದ್ರೆ ನಾಲ್ಕು. ಕೂದಲು ಸಿಕ್ರೆ ಮೂರು.”

“ಮತ್ತೆ ತುಂಬಾ ಚೆನ್ನಾಗಿದ್ರೆ?”

“ಅದಕ್ಕೂ ಐದೇ ಮೇಡಂ. ಅದಕ್ಕಿಂತ ಮೇಲೆ ಇಲ್ವಲ್ಲ.”

ವರ್ಷಗಟ್ಟಲೆ ಬಾಣ ಬಿಡಿಸಿದ್ದೆ. ಆ ಬಾಣದ ತುದಿಯಲ್ಲಿ ನಮ್ಮ ಬೀದಿಯಂಥದೊಂದು ಬೀದಿ ಇರಬಹುದು ಎಂದು ಹೊಳೆದಿರಲಿಲ್ಲ. ಅಂಕಿ ಒಂದೇ, ಅದನ್ನು ಓದುವ ಮನೆಗಳು ಬೇರೆ. ಯಂತ್ರಕ್ಕೆ ಅಂಕಿಯಷ್ಟೇ ಗೊತ್ತು. ಮೇಷ್ಟ್ರು ಕಣ್ಣು ಮುಚ್ಚಿ ತಿಂದದ್ದು ಅದಕ್ಕೆ ಗೊತ್ತಿಲ್ಲ. ಪಠ್ಯ ಬರೆದವರು ಇಷ್ಟನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮನೆಗೆ ಬಂದು ಹೇಳಿದಾಗ ನಾದಿನಿ ಬೀದಿಯ ಮೇಲೆಲ್ಲ ಹರಿಹಾಯ್ದಳು. “ತಿನ್ನೋದು ನಮ್ಮ ಒಬ್ಬಟ್ಟು, ಹಾಕೋದು ನಮ್ಮ ಹೊಟ್ಟೆಗೆ ಕಲ್ಲು!” ಎಂದಳು. ಹೀಗೆ ಅವಳು ರೇಗುತ್ತಿರುವಾಗಲೇ ಪಾರ್ಸೆಲ್ ಒಯ್ಯುವವನು ಗೇಟಿಗೆ ಬಂದ. ಮೂವತ್ತರ ಆಸುಪಾಸಿನ ಆಸಾಮಿ, ಸಾರಕ್ಕಿಯವನು, ನಮ್ಮ ಕಡೆಗೆ ಹೆಚ್ಚಾಗಿ ಬರುತ್ತಿದ್ದವನು ಅವನೇ. ಅವತ್ತು ಪೊಟ್ಟಣ ತೆಗೆದುಕೊಳ್ಳದೆ ನಿಂತ.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಂಗಡಿಗೆ ಬಂದಾಗೆಲ್ಲ ನನ್ನ ರೇಟಿಂಗ್ ಇಳಿಯುತ್ತೆ. ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಏನೂ ಇಲ್ಲಪ್ಪ! ಎಷ್ಟು ಜೋಪಾನವಾಗಿ ಒಯ್ತೀಯ. ನಾನು ಪ್ರತಿ ಸಲ ಮರೀದೆ...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಪಾರ್ಸೆಲ್ ಒಯ್ಯುವವರಿಗೆ ಅಂಗಡಿಯವರೂ ನಕ್ಷತ್ರ ಕೊಡಬೇಕು; ಅವಳು ಮರೆಯದೆ ಕೊಡುತ್ತಿದ್ದುದು ಮೂರು. ಎಷ್ಟೆಂದರೂ ನಮ್ಮ ಬೀದಿಯವಳಲ್ಲವೇ? ಹಣೆ ಚಚ್ಚಿಕೊಂಡಳು. ಅವನ ಎದುರಿಗೇ ಫೋನ್ ತೆಗೆದು ಐದು ಒತ್ತಿದಳು. ಆಮೇಲೆ ಅಷ್ಟಕ್ಕೇ ಸಮಾಧಾನವಾಗದೆ ಎಲೆಯಲ್ಲಿ ಎರಡು ಒಬ್ಬಟ್ಟು ಸುತ್ತಿ ಕೊಟ್ಟು, “ಶರಟಿನ ಗುಂಡಿ ಮಾತ್ರ ಹಾಕ್ಕೊಳಪ್ಪ” ಎಂದಳು. ಹೇಳದೆ ಇರಲು ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಇಬ್ಬರೂ ಮೇಷ್ಟ್ರ ಜಗಲಿಗೆ ಹೋದೆವು. ಬೀದಿಯಲ್ಲಿ ಅವರು ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ, ಯಾಕೆಂದರೆ ಅರ್ಧ ಬೀದಿಗೆ ಲೆಕ್ಕ ಕಲಿಸಿದವರು ಅವರೇ. ಎದುರುಮನೆಯ ಆಂಟಿಯೂ ಸೊಪ್ಪು ಬಿಡಿಸುತ್ತಾ ಬಂದು ಕೂತರು. ನಾದಿನಿ ಎಲ್ಲ ವಿವರಿಸಿದಳು. ಯುಗಾದಿ, ಕಾರು, ಶೆಡ್, ಎಲ್ಲ.

ಮೇಷ್ಟ್ರಿಗೆ ಆಶ್ಚರ್ಯ. “ಐದಕ್ಕೆ ಮೂರು ಅಂದ್ರೆ ಅರವತ್ತು ಪರ್ಸೆಂಟು. ಫಸ್ಟ್ ಕ್ಲಾಸ್ ಕಣಮ್ಮ! ನಿನ್ನ ಅಣ್ಣನಿಗೇ ನಾನು ಅಷ್ಟು ಕೊಟ್ಟಿಲ್ಲ.”

“ಆ ಯಂತ್ರದ ಲೆಕ್ಕದಲ್ಲಿ ಅದು ಫೇಲು, ಸಾರ್.”

“ಎಲ್ಲರಿಗೂ ನೂರಕ್ಕೆ ನೂರು ಕೊಡೋದಾದ್ರೆ ಪರೀಕ್ಷೆ ಯಾಕೆ ಮಾಡ್ಬೇಕು?” ಎಂದು ನನ್ನ ಕಡೆ ತಿರುಗಿದರು. “ನೀನು ಪಾಠ ಹೇಳೋಳು, ನೀನೇ ಹೇಳು.”

ನನ್ನ ಮನಸ್ಸು ಪೂರ್ತಿ ಅವರ ಕಡೆಗೇ ಇತ್ತು. ನಾನೂ ಪೂರ್ತಿ ಅಂಕ ಕೊಡುವವಳಲ್ಲ. ಆಂಟಿಯದು ಬೇರೆ ತಕರಾರು: ಐದಕ್ಕೆ ಐದು ಎಂದು ಊರಿಗೆಲ್ಲ ಕಾಣುವ ಹಾಗೆ ಬರೆದರೆ ಕಣ್ಣು ಬೀಳದೆ ಇರುತ್ತದೆಯೇ? ನಾಳೆ ಹುಡುಗಿ ಕಾವಲಿಯ ಮೇಲೆ ಕೈ ಸುಟ್ಟುಕೊಂಡರೆ ಯಾರು ಹೊಣೆ? ಐವತ್ತರ ಹತ್ತಿರದ ನನ್ನ ನಾದಿನಿ ಅವರಿಗೆ ಇನ್ನೂ ಹುಡುಗಿಯೇ.

ನಾದಿನಿ ಆಗ ಸಾರಕ್ಕಿಯವನ ಕಥೆ ಹೇಳಿದಳು. “ನೀವು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡ್ತಿದ್ದೆ ಸಾರ್. ಪಾಪ, ಅವನು ಬಂದು ತಪ್ಪೇನು ಅಂತ ಕೇಳ್ದ. ನಾನು ಯಾರನ್ನ ಕೇಳಲಿ?” ಆಂಟಿಯ ಕೈಯಲ್ಲಿ ಸೊಪ್ಪು ಹಾಗೇ ಉಳಿಯಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಹಳ ಯೋಚಿಸಿ ತೀರ್ಪು ಕೊಟ್ಟರು: “ಸರಿ. ನಕ್ಷತ್ರ ಯಂತ್ರಕ್ಕೆ, ಬರಹ ಮನುಷ್ಯರಿಗೆ. ಅದಕ್ಕೆ ಬೇಕಾದ್ದು ಅದಕ್ಕೆ ಕೊಡ್ತೀನಿ. ಆದ್ರೆ ಬರಹದಲ್ಲಿ ಸುಳ್ಳು ಬರೆಯೋನಲ್ಲ.” ಆಂಟಿಗೂ ಇದು ಒಪ್ಪಿಗೆಯಾಯಿತು. ಐದರ ಜೊತೆಗೆ ಒಂದು ಕೊಂಕು ಸೇರಿಸಿದರೆ ದೃಷ್ಟಿ ತಗಲುವುದಿಲ್ಲವಂತೆ. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟ ಹಾಗೆ.

ಆ ವಾರ ನಮ್ಮ ಅಂಗಡಿಯ ಪುಟವನ್ನು ನೋಡಬೇಕಿತ್ತು. ಸಾಲುಸಾಲಾಗಿ ಐದು ನಕ್ಷತ್ರ, ಅದರ ಕೆಳಗೆ ಸಾಲುಸಾಲಾಗಿ ಬೈಗುಳ. ‘ಐದು ಕೊಟ್ಟಿದ್ದೇನೆ. ಏಲಕ್ಕಿಯಲ್ಲಿ ಜಿಪುಣತನ ಕಾಣುತ್ತದೆ.’ ‘ಅಂಚು ದಪ್ಪ. ತಿದ್ದಿಕೊಂಡರೆ ಒಳ್ಳೆಯದು.’ ‘ನಮ್ಮತ್ತೆ ಇದ್ದಿದ್ದರೆ ತಪ್ಪು ಹುಡುಕುತ್ತಿದ್ದರು, ನನಗೆ ಸಿಗಲಿಲ್ಲ. ಪೊಟ್ಟಣದ ದಾರ ಮಾತ್ರ ಸರಿಯಾಗಿ ಕಟ್ಟಿರಲಿಲ್ಲ.’ ನನ್ನ ಗಂಡ ಓದಿ, “ಇದನ್ನ ನೋಡಿ ಯಾರು ತರಿಸ್ತಾರೆ? ಮುಗೀತು ಕಥೆ” ಎಂದರು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಆದರೆ ಆರ್ಡರ್ ಬರತೊಡಗಿತು. ನಕ್ಷತ್ರ ಏರಿದ್ದರಿಂದ ಅಂಗಡಿ ಕಣ್ಣಿಗೆ ಬಿದ್ದದ್ದು ಸರಿ. ಬಿದ್ದ ಮೇಲೆ ಜನ ಬರಹವನ್ನೂ ಓದಿದರು. ಬಿಟಿಎಂ ಲೇಔಟಿನ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ಇರುವವರು ದಿನಾ ಆಪಿನಲ್ಲೇ ಊಟ ಹುಡುಕುವವರು. ಎಲ್ಲ ಅಂಗಡಿಯ ಕೆಳಗೂ ಒಂದೇ ಥರದ ‘ಸೂಪರ್, ಸಖತ್’ ನೋಡಿ ನೋಡಿ ಅವರಿಗೆ ನಂಬಿಕೆ ಹೋಗಿತ್ತು. ಅಲ್ಲಿಂದ ನನ್ನ ಕ್ಲಾಸಿಗೆ ಬರುವ ಒಬ್ಬ ಹೇಳಿದ: “ಮೇಡಂ, ನಮ್ಮ ಪಿಜೀಲೆಲ್ಲಾ ನಿಮ್ಮ ಅಂಗಡೀದೇ ಮಾತು. ಐದು ಸ್ಟಾರ್ ಕೊಟ್ಟೂ ಇಷ್ಟು ಬೈತಾರೆ ಅಂದ್ರೆ ನಿಜವಾಗ್ಲೂ ತಿಂದೋರೇ ಬರೆದಿರೋದು, ತರಿಸು ಮಗಾ ಅಂತಾರೆ.” ಕಾಸು ಕೊಟ್ಟು ಬರೆಸಿದ ಹೊಗಳಿಕೆ ತುಂಬಿದ ಕಡೆ ನಮ್ಮ ಬೀದಿಯ ಕೊಂಕಿಗೆ ಬೆಲೆ ಬಂದಿತ್ತು. ಇದನ್ನು ಯಾವ ಬಾಣದಿಂದ ಬೋರ್ಡಿನ ಮೇಲೆ ತೋರಿಸುವುದೋ ನನಗೆ ಇವತ್ತಿಗೂ ತಿಳಿದಿಲ್ಲ.

ಯುಗಾದಿಯ ಬೆಳಿಗ್ಗೆ ಗೇಟಿನ ಮುಂದೆ ಬೈಕುಗಳ ಸಂತೆ. ನಾನು ಪೊಟ್ಟಣ ಕಟ್ಟುತ್ತಿದ್ದೆ, ಆಂಟಿ ಹೂರಣದ ಉಂಡೆ ಮಾಡುತ್ತಿದ್ದರು, ಮೇಷ್ಟ್ರು ಕುರ್ಚಿ ಹಾಕಿಕೊಂಡು ಬಂದವರ ಸರದಿ ನೋಡುತ್ತಿದ್ದರು. ನಾದಿನಿಯ ಮುಖ ಒಲೆಯ ಶಾಖಕ್ಕೆ ಕೆಂಪಾಗಿತ್ತು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿದ್ದೇ ಇಲ್ಲ. ಅದೇ ಹೊತ್ತಿಗೆ ಹೂವಿನ ಹಾರ ಹಾಕಿದ ಹೊಸ ಕಾರಿನಲ್ಲಿ ನನ್ನ ಗಂಡ ಬಂದರು. ಶೆಡ್ಡಿಗೆ ಬಿಡಲೆಂದು ಹಾರನ್ ಒತ್ತಿದರು. ಸಾರಕ್ಕಿಯವನು ಹಿಂತಿರುಗಿ, “ಅಂಕಲ್, ಎಲ್ಲರೂ ಕಾಯ್ತಿಲ್ವಾ? ಲೈನಲ್ಲಿ ಬನ್ನಿ” ಎಂದ. ಸುತ್ತಲಿದ್ದವರೆಲ್ಲ ಹೌದು ಹೌದು ಎಂದರು. ಮೇಷ್ಟ್ರು ತಮ್ಮ ಹಳೆಯ ಶಿಷ್ಯನಿಗೆ ಬೆರಳಿನಿಂದಲೇ ಸಾಲಿನ ಕೊನೆ ತೋರಿಸಿದರು.

ನನ್ನ ಗಂಡ ಕಾರನ್ನು ಹಿಂದೆ ತೆಗೆದು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಶರಟಿನ ತೋಳು ಮಡಿಚಿ ಬಂದು ದಾರ ಕಟ್ಟಲು ಕೂತರು. ಸಂಜೆಯವರೆಗೂ ತಂಗಿಗೆ ಒಂದು ಮಾತು ಹೇಳಲಿಲ್ಲ. ಚೆನ್ನಾಗಾಯ್ತು ಅಂತಲೂ ಇಲ್ಲ, ಶೆಡ್ ಇಟ್ಕೋ ಅಂತಲೂ ಇಲ್ಲ. ನಾದಿನಿ ರಾತ್ರಿ ಪಾತ್ರೆಗಳನ್ನೆಲ್ಲ ಒಂದು ಮೂಲೆಗೆ ಜೋಡಿಸಿಟ್ಟಳು, ತೆಗಿ ಎಂದರೆ ತೆಗೆಯಲು ಸುಲಭವಾಗಲಿ ಎಂದು.

ನಾಲ್ಕೈದು ದಿನ ಕಳೆದ ಮೇಲೆ ಬೆಳಿಗ್ಗೆ ಮೇಸ್ತ್ರಿ ಬಂದ, ಹಿಂದೆಯೇ ಇಟ್ಟಿಗೆ ಬಂತು. ನನ್ನ ಗಂಡ ನಿಂತು ಶೆಡ್ಡಿನ ಕಬ್ಬಿಣದ ದೊಡ್ಡ ಬಾಗಿಲನ್ನು ಕೀಳಿಸಿದರು. ಅದರ ಜಾಗಕ್ಕೆ ಗೋಡೆ ಎದ್ದಿತು, ಗೋಡೆಯ ನಡುವೆ ಮನುಷ್ಯರು ಹೋಗುವಷ್ಟೇ ಅಗಲದ ಬಾಗಿಲಿಗೆ ಚೌಕಟ್ಟು ಕೂತಿತು. ಎಲ್ಲ ಮುಗಿದ ಮೇಲೆ ಅವರು ಕೈಯ ಸಿಮೆಂಟು ಉದುರಿಸುತ್ತಾ, ತಂಗಿಯ ಮುಖ ನೋಡದೆ, “ಇನ್ನು ನನಗೇ ಬುದ್ಧಿ ಕೆಟ್ಟು ಕೇಳಿದ್ರೂ ಕಾರು ಒಳಗೆ ಹೋಗಲ್ಲ” ಎಂದರು.

ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು, ಕಣ್ಣು ಒರೆಸಿಕೊಂಡಳು. ಹೊಸ ಚೌಕಟ್ಟನ್ನು ಮೇಲಿಂದ ಕೆಳಗೆ ಸವರಿ ನೋಡಿದಳು.

“ಅಣ್ಣ, ಒಂದು ಗೇಣು ಅಗಲ ಸಾಲದಾಯ್ತು. ನನ್ನ ದೊಡ್ಡ ಕಾವಲಿ ಹೇಗೆ ಹೋಗುತ್ತೆ?”

ಅವರು ಅವಳನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಆಮೇಲೆ ಬೀದಿಯ ತುದಿ ತಲುಪಿದ್ದ ಮೇಸ್ತ್ರಿಯನ್ನು ಚಪ್ಪಾಳೆ ತಟ್ಟಿ ವಾಪಸು ಕರೆದರು.