ಪಟ್ಟಾಸುರನ ಮಂಗಳ

ಉಚ್ಚೆಂಗೆಪ್ಪನಿಗೆ ಗಂಟಲು ಕೊಡುವಾಗ ದೇವರು ಕೈಬಿಚ್ಚಿ ಕೊಟ್ಟಿದ್ದ. ಬುದ್ಧಿ ಕೊಡುವ ಹೊತ್ತಿಗೆ ಕೈ ಬಿಗಿಹಿಡಿದಿದ್ದ. ಕುರುಗೋಡಿನ ಕಡೆ ಬಯಲಾಟವಾದರೆ ರಾಕ್ಷಸನ ವೇಷ ಅವನದೇ. ಹೊಟ್ಟೆಪಾಡಿಗೆ ಮಾತ್ರ ಬಳ್ಳಾರಿಯ ಹತ್ತಿ ಮಿಲ್ಲೊಂದರಲ್ಲಿ ಮೂಟೆ ಹೊರುತ್ತಿದ್ದ. ಅವನ ಹೆಂಡತಿ ಹುಲುಗಮ್ಮ ಅಲ್ಲೇ ಬೀಜ ಬಿಡಿಸುವ ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದಳು. ಯಂತ್ರ ತಿರುಗಿಸುವ ತೊಗಲಿನ ಪಟ್ಟಾ ಅವಳ ಬೆನ್ನ ಹಿಂದೆಯೇ ದಿನವಿಡೀ ಓಡುತ್ತಿತ್ತು. ಅದಕ್ಕೊಂದು ಮರೆ ಇರಲಿಲ್ಲ.

ಸ್ವಾತಂತ್ರ್ಯದ ಬೆನ್ನಿಗೆ ಹೊಸ ಕಾಯಿದೆ ಬಂತು. ಪಟ್ಟಾಕ್ಕೆ ಹಲಗೆಯ ಮರೆ ಕಟ್ಟಿಸಿ, ತಿಂಗಳಿಗೊಮ್ಮೆ ಆಳುಗಳನ್ನು ಕೂಡಿಸಿ ಎಚ್ಚರಿಕೆಯ ಮಾತು ಹೇಳಿ ಎಂದು ಇನ್‌ಸ್ಪೆಕ್ಟರು ಹೇಳಿಹೋದರು. ಮಾಲೀಕರು ಹಲಗೆ ತರಿಸಿದರು. ಮಾತಿನ ಹೊಣೆ ಮ್ಯಾನೇಜರ್ ಪ್ರಾಣೇಶರಾಯರ ತಲೆಗೆ ಬಿತ್ತು. ಮೊದಲ ಸಭೆಯಲ್ಲಿ ರಾಯರು ಕಾಯಿದೆಯನ್ನು ಆದಿಯಿಂದ ಅಂತ್ಯದವರೆಗೆ ಓದಿದರು. ಆಳುಗಳು ಮೂಟೆಗೆ ಒರಗಿ ಗೊರಕೆ ಹೊಡೆದರು. ರಾಯರೂ ನಡುನಡುವೆ ಆಕಳಿಸಿದರು.

"ಏನ ಮಾಡೋದೋ ಉಚ್ಚೆಂಗೆಪ್ಪಾ? ಒಬ್ಬರೂ ಕಿವಿ ಕೊಡವಲ್ಲರು," ಎಂದರು ರಾಯರು.

"ಆಟ ಕಟ್ಟೂನ್ರಿ ರಾಯರ. ಆ ಪಟ್ಟಾನ ರಾಕ್ಷಸ ಅನ್ರಿ. ಪಟ್ಟಾಸುರ! ವೇಷ ನಂದು."

ಆಟಕ್ಕೆ ನಿಂತು ಕುಣಿಯುವ ಅಟ್ಟ ಬೇಕು, ಅಟ್ಟಕ್ಕೆ ಹಲಗೆ ಬೇಕು. ಮರೆ ಕಟ್ಟಲು ತಂದ ಹಲಗೆಗಳು ಅಂಗಳದಲ್ಲೇ ಬಿದ್ದಿದ್ದವು. ಉಚ್ಚೆಂಗೆಪ್ಪ ತಾನೇ ಹೊತ್ತು ತಂದು ಅಟ್ಟ ಕಟ್ಟಿ, ಕಾಯಿ ಒಡೆದು ಪೂಜೆ ಮಾಡಿಸಿದ.

"ಅವು ಪಟ್ಟಾಕ್ಕ ತಂದ ಹಲಗಿ ಅಲ್ಲೇನು?" ಎಂದು ಹುಲುಗಮ್ಮ ಕೇಳಿದಳು.

"ಪೂಜಿ ಆದ ಅಟ್ಟ ಮಂಗಳ ಹಾಡೂತನಕ ಕೀಳಬಾರದು. ಆಟ ಮುಗೀಲಿ ತಡಿ."

ಅವರ ಮೇಳದ ಪದ್ಧತಿ ಅದು, ಅವಳಿಗೂ ಗೊತ್ತಿತ್ತು. ಯಂತ್ರದ ಕಡೆ ನಡೆದಳು.

ಆಟ ಮುಗಿದರೆ ತಾನೆ! ಮುಖಕ್ಕೆ ಕೆಂಪು ಬಳಿದುಕೊಂಡ ಪಟ್ಟಾಸುರ ಗರ್ಜಿಸಿದ್ದೇ ತಡ, ಸಿಳ್ಳೆ ಬಿದ್ದವು. ಮಾಲೀಕರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿಸಿದರು. ಸಂಗನಕಲ್ಲಿನವರೆಗೂ ಸುದ್ದಿ ಹೋಗಿ, ಮಿಲ್ಲಿಗೆ ಸಂಬಂಧವೇ ಇಲ್ಲದವರು ಸಭೆಗೆ ಬಂದರು. ಇಷ್ಟು ಚೆಂದದ ರಾಕ್ಷಸನನ್ನು ಒಂದೇ ಸಭೆಗೆ ಕೊಂದು ಮುಗಿಸುವುದುಂಟೆ? "ಸಾಯೋದನ್ನ ಮುಂದಿನ ತಿಂಗಳಿಗೆ ಇಟ್ಟುಕೊಳ್ಳೋ," ಎಂದು ರಾಯರು ಪ್ರತಿ ಸಲವೂ ಹೇಳಿದರು. ರಾಕ್ಷಸ ಸಾಯಲಿಲ್ಲ, ಮಂಗಳ ಆಗಲಿಲ್ಲ, ಹಲಗೆ ಅಲುಗಲಿಲ್ಲ. ಮತ್ತೆ ಬಂದ ಇನ್‌ಸ್ಪೆಕ್ಟರು ಕಣ್ಣಲ್ಲಿ ನೀರು ಬರುವಂತೆ ನಕ್ಕು, ರಾಯರ ಬೆನ್ನು ತಟ್ಟಿ, ಪಟ್ಟಾ ನೋಡುವುದನ್ನೇ ಮರೆತು ಹೋದರು.

ರಾಯರನ್ನು ಬಿಡಿ, ಅವರಿಗೆ ಸಂಬಳದ ಭಯ. ನನಗೆ ಇಂದಿಗೂ ಸಿಟ್ಟು ಬರುವುದು ಉಚ್ಚೆಂಗೆಪ್ಪನ ಮೇಲೆ. ಚಪ್ಪಾಳೆಯ ರುಚಿ ಹತ್ತಿದ ಮನುಷ್ಯನಿಗೆ ಕಟ್ಟಿಕೊಂಡ ಹೆಂಡತಿಯ ಬೆನ್ನು ಕಾಣಲಿಲ್ಲ.

ಸಭೆ ನಡೆಯುವಾಗಲೂ ಒಂದು ಸಾಲು ಯಂತ್ರವಾದರೂ ಓಡುತ್ತಿರಬೇಕೆಂದು ಮಾಲೀಕರ ಕಟ್ಟಪ್ಪಣೆ. ಇನ್‌ಸ್ಪೆಕ್ಟರು ಬಂದುಹೋದ ಮುಂದಿನ ತಿಂಗಳು ಅಲ್ಲಿ ನಿಂತವಳು ಹುಲುಗಮ್ಮ. ಹೊರಗೆ ಗಂಡ "ಹೆಣ್ಣಿನ ಸೆರಗು ಸಿಕ್ಕರೆ ಬಿಡೆನು!" ಎಂದು ಅಬ್ಬರಿಸುತ್ತಿದ್ದಾಗ, ಒಳಗೆ ಪಟ್ಟಾ ಅವಳ ಸೆರಗು ಎಳೆಯಿತು. ಕೂಗಿದಳು, ನಗುವಿನಲ್ಲಿ ಯಾರಿಗೂ ಕೇಳಲಿಲ್ಲ. ತೋಳು ಪಟ್ಟಾಕ್ಕೆ ಉಜ್ಜಿ ತೊಗಲು ಕಿತ್ತಿತು. ತೊಳೆದು ತೊಳೆದು ಜೀರ್ಣವಾದ ಸೀರೆ, ಪರ್ರನೆ ಹರಿಯಿತು. ಹೊಸದಾಗಿದ್ದರೆ ಅವಳನ್ನೂ ಎಳೆದುಕೊಂಡು ಹೋಗುತ್ತಿತ್ತು. ಬಡತನ ಅವಳಿಗೆ ಮಾಡಿದ ಉಪಕಾರ ಅದೊಂದೇ.

ಹೆಗಲಿಗೆ ಗೋಣಿ ಸುತ್ತಿಕೊಂಡು, ತೋಳಿನಿಂದ ರಕ್ತ ಸುರಿಸುತ್ತ ಅವಳು ಅಟ್ಟ ಹತ್ತಿದಳು. ಜನ ಹೊಸ ಪಾತ್ರವೆಂದು ಸಿಳ್ಳೆ ಹಾಕಿದರು. ರಾಯರು ಮೆಚ್ಚಿ ತಲೆದೂಗಿದರು. ಉಚ್ಚೆಂಗೆಪ್ಪನ ಗರ್ಜನೆ ಮಾತ್ರ ಗಂಟಲಲ್ಲೇ ನಿಂತಿತು.

ಅವಳು ಯಾರನ್ನೂ ಬೈಯಲಿಲ್ಲ. ಮಂಗಳ ಹಾಡಿದಳು. ತಾಳದವನು ರೂಢಿಯಂತೆ ತಾಳ ಹಾಕಿದ. ಜನ ರೂಢಿಯಂತೆ ಎದ್ದು ಕೈಮುಗಿದರು.

"ಮಂಗಳ ಆತು," ಎಂದಳು ಗಂಡನಿಗೆ. "ಹಲಗಿ ಕೀಳು."

ರಾಯರು ಗಾಬರಿಯಾದರು. "ಅಲ್ಲವ್ವಾ, ಮುಂದಿನ ತಿಂಗಳ ಸಭಿ ಏನ ಮಾಡೋದು?"

"ಮುಂದಿನ ತಿಂಗಳ ನೀವು ಪಟ್ಟಾದ ಮುಂದ ನಿಂದರ್ರಿ ರಾಯರ. ನಾವು ಮಂಡಕ್ಕಿ ತಿಂತಾ ನೋಡತೀವಿ."

ಕೆಂಪು ಮುಖದ ರಾಕ್ಷಸ ಬಗ್ಗಿ ಮೊದಲ ಹಲಗೆ ಕಿತ್ತ. ಸಂಜೆಯೊಳಗೆ ಪಟ್ಟಾಕ್ಕೆ ಮರೆ ಬಿತ್ತು.

ಅಂದಿನಿಂದ ಯಾವ ಊರ ಆಟದಲ್ಲೂ ಉಚ್ಚೆಂಗೆಪ್ಪನ ರಾಕ್ಷಸ ತಡಮಾಡದೆ ಸಾಯುತ್ತಿದ್ದ. ಸಿರುಗುಪ್ಪದಲ್ಲೊಮ್ಮೆ ಜನ "ಏಳೋ, ಇನ್ನೊಮ್ಮಿ ಕುಣಿಯೋ" ಎಂದು ಎಷ್ಟು ಕೂಗಿದರೂ ಏಳಲಿಲ್ಲ. ಹುಲುಗಮ್ಮ ಎದುರಿಗೇ ಕೂತಿದ್ದಳು.